ಹೆಚ್ಚುಕಡಿಮೆ

ನನ್ನ ಕೆಲಸ ತೂಕದ ಬಟ್ಟುಗಳನ್ನು ತೂಗುವುದು.
ಕಾರವಾರದ ಕಚೇರಿಯ ಹಿಂದಿನ ಕೋಣೆ,
ಗಾಜಿನ ಪೆಟ್ಟಿಗೆಯೊಳಗೊಂದು ತಕ್ಕಡಿ. ಫ್ಯಾನು ಹಾಕುವಂತಿಲ್ಲ,
ಸೀನುವಂತಿಲ್ಲ.
ಮೀನುಪೇಟೆಯ ಒಂದು ಕಿಲೊ
ನಿಜಕ್ಕೂ ಒಂದು ಕಿಲೊ ಹೌದೋ ಅಲ್ಲವೋ ಎಂದು
ಹಿತ್ತಾಳೆಯ ಬಟ್ಟಿನೆದುರು ನಿಲ್ಲಿಸಿ ಕೇಳುತ್ತೇನೆ.
ಪೂರಾ ಸರಿ ಯಾವುದೂ ಇರುವುದಿಲ್ಲ.
ಅದಕ್ಕೇ ಪುಸ್ತಕದಲ್ಲೊಂದು ಕೋಷ್ಟಕವಿದೆ:
ಇಷ್ಟು ತಪ್ಪಾದರೆ ಅಡ್ಡಿಲ್ಲ, ಮುದ್ರೆ ಒತ್ತಬಹುದು.

ಮಗಳು ಮೈಥಿಲಿ, ಏಳನೆಯ ಇಯತ್ತೆ, ಕಳೆದ ದೀಪಾವಳಿಯಲ್ಲಿ
ನನ್ನ ಮೊಬೈಲು ಕಸಿದು ಏನೋ ಒತ್ತಿ
"ಇನ್ನು ನೀ ಎಲ್ಲಿದ್ರೂ ನಮಗೆ ಗೊತ್ತಾಗ್ತದೆ" ಅಂದಳು.
ಅಂದಿನಿಂದ ನಾನು ವತ್ಸಲೆಯ ಅಂಗೈಯಲ್ಲೊಂದು ನೀಲಿ ಚುಕ್ಕೆ.
ಚುಕ್ಕೆ ಸುರಂಗ ದಾಟಿ ಬಿಣಗಾಕ್ಕೆ ಬಂತೆಂದರೆ
ಅವಳು ಕುಚ್ಚಲಕ್ಕಿ ತೊಳೆದು ಒಲೆಗಿಡುತ್ತಾಳೆ.
ಹಾರವಾಡಕ್ಕೆ ಬಂದರೆ ಬಂಗಡೆಯ ಸಾರಿಗೆ ಮುರುಗಲು.
ಹಸಿದಿದ್ದೇನೋ ಇಲ್ಲವೋ ಚುಕ್ಕೆ ಹೇಳುವುದಿಲ್ಲ;
ಬರುತ್ತಿದ್ದೇನೆ ಅನ್ನುತ್ತದೆ, ಅಷ್ಟೆ.

ಸುರಂಗದೊಳಗೆ ಮಾತ್ರ ನಾನು ಎಲ್ಲಿಯೂ ಇಲ್ಲ.
ಒಂದೂವರೆ ನಿಮಿಷ.
ಅರ್ಧಕ್ಕೆ ನಿಂತ ರೀಲು, ಅರ್ಧಕ್ಕೆ ನಿಂತ ಜಗಳ,
"ಹಲೋ, ಹಲೋ" ಎಂದು ಕತ್ತಲೆಯನ್ನೇ ಕೇಳುವ ಕಂಡಕ್ಟರು.
ಕಿಟಕಿಯ ಗಾಜಿನಲ್ಲಿ ನನ್ನದೇ ಮುಖ,
ಅದರ ಹಣೆ ಸವರಿ ಓಡುವ ಹಳದಿ ದೀಪಗಳು.
ಹಲ್ಲುನೋವು, ಸೊಸೈಟಿ ಸಾಲದ ಕಂತು,
ಬೆಳಿಗ್ಗೆ ಅರ್ಧ ಓದಿಬಿಟ್ಟ ಗೋಡೆಬರಹದ ಉಳಿದರ್ಧ:
ನಾನು ಯೋಚಿಸುವುದೇನಿದ್ದರೂ ಇಷ್ಟರೊಳಗೇ ಮುಗಿಯಬೇಕು.

ಹೊರಬಿದ್ದೊಡನೆ ಬಸ್ಸಿಗೆ ಬಸ್ಸೇ ಟಿಣ್ ಟಿಣ್.
ಮಾದೇವಿ ಹರಿಕಂತ್ರಳ ಖಾಲಿ ಬುಟ್ಟಿಯೊಳಗಿಂದ
ಹೆಂಗಸೊಬ್ಬಳ ಗಂಭೀರ ದನಿ:
"ಎಂಬತ್ತು ರೂಪಾಯಿ ಸ್ವೀಕರಿಸಲಾಗಿದೆ."
"ಅಯ್ಯೋ, ಕೊಟ್ಟಾಗಿತ್ತೇನ ಅವ! ಸುಮ್ನೆ ಬೈದೆ"
ಎಂದು ಮಾದೇವಿ ಎಲೆಯಡಿಕೆಯ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ.

ಅರಗಾದ ಉದ್ದ ಗೋಡೆಯ ಹತ್ತಿರ ಚುಕ್ಕೆಗೆ ತಲೆ ಕೆಡುತ್ತದೆ,
ರಸ್ತೆ ಬಿಟ್ಟು ಸೀದಾ ಸಮುದ್ರಕ್ಕಿಳಿಯುತ್ತದೆ.
"ಅಪ್ಪ ನೀರ್ ಮೇಲೆ ನಡೀತಾ ಇದ್ದ!"
ಮನೆಯಲ್ಲಿ ಮೈಥಿಲಿ ಕೂಗುತ್ತಾಳಂತೆ.
ನನ್ನ ಕೋಷ್ಟಕದಲ್ಲಿ ಇಂಥ ತಪ್ಪಿಗೆ ಮಾಫಿ ಇಲ್ಲ.
ಆದರೂ ಸೀಟಿನಡಿ ಚಪ್ಪಲಿ ಕಳಚಿ
ಕಾಲ್ಬೆರಳು ಒಮ್ಮೆ ಆಡಿಸುತ್ತೇನೆ.

ಮೊನ್ನೆ ಗುರುವಾರ ಮೊಬೈಲು ಮರೆತು ಬಂದೆ.
ತೂಗುವಾಗ ನಡುಗಬಾರದೆಂದು ಡ್ರಾವರಿನಲ್ಲಿಟ್ಟಿದ್ದೆ,
ಅರ್ಧ ಕಿಲೊ ಬಟ್ಟಿನ ಪಕ್ಕ.
ಅವರ್ಸಾದಲ್ಲಿಳಿದು, ಗದ್ದೆಯ ಹಾಳಿಯ ಮೇಲೆ ನಡೆದು
ಅಂಗಳಕ್ಕೆ ಬಂದರೆ
ವತ್ಸಲೆ ಕಟ್ಟೆಯ ಮೇಲೆ ಕೂತು ಅಂಗೈ ನೋಡುತ್ತಿದ್ದಳು.
ಕತ್ತೆತ್ತಿ ನನ್ನನ್ನು ಕಂಡಳು. ಮತ್ತೆ ಅಂಗೈ. ಮತ್ತೆ ನಾನು.
"ನೀವಿನ್ನೂ ಕಾರವಾರದಲ್ಲೇ ಇದ್ದೀರಿ" ಎಂದಳು,
ಒಂದು ಕ್ಷಣ, ಖರೆ, ನನ್ನ ಮೇಲೇ ಸಿಟ್ಟಾಗಿ.
ಅಕ್ಕಿ ಇನ್ನೂ ಡಬ್ಬದಲ್ಲಿತ್ತು.

ಬೆಳ್ಳುಳ್ಳಿ ಸುಲಿದೆ. ಮುಕ್ಕಾಲು ಗಂಟೆ ಅನ್ನ ಕಾದೆ.
ಪಕ್ಕದ ಮನೆಯ ಪಂಪು ಶುರುವಾದದ್ದು, ನಿಂತದ್ದು ಕೇಳಿತು.
ಮೈಥಿಲಿಗೆ ಗಣಿತದಲ್ಲಿ ಹನ್ನೊಂದು ಬಂದ ಸುದ್ದಿ
ಆಗ ನನ್ನ ಕಿವಿಗೆ ಬಿತ್ತು,
ಮೂರು ವಾರ ಎಲ್ಲಿ ಸಿಕ್ಕಿಕೊಂಡಿತ್ತೋ.

ಮಲಗುವ ಮುಂಚೆ ಅವಳು ಚುಕ್ಕೆಯನ್ನೂ ಇಣುಕಿ ಬಂದಳು:
ಬೀಗ ಹಾಕಿದ ಕಚೇರಿಯಲ್ಲಿ ಅಪ್ಪ ಒಬ್ಬನೇ,
ನೀಲಿಯಾಗಿ, ಅಲುಗದೆ.
"ಪಾಪ, ಅವ ಊಟ ಮಾಡ್ಲಿಲ್ಲ."

ಬೆಳಿಗ್ಗೆ ಡ್ರಾವರು ತೆಗೆದರೆ ಅದು ಆರಿಹೋಗಿತ್ತು.
ಚಾರ್ಜಿಗೆ ಸಿಕ್ಕಿಸುವ ಮುಂಚೆ, ಯಾರೂ ಬಂದಿರಲಿಲ್ಲ,
ಗಾಜಿನ ಬಾಗಿಲು ಸರಿಸಿ ತಕ್ಕಡಿಗಿಟ್ಟು ನೋಡಿದೆ.
ಉಸಿರು ಬಿಗಿಹಿಡಿದು.
ನೂರಾ ತೊಂಬತ್ತನಾಲ್ಕು ಗ್ರಾಂ,
ನಾನು ಅದರೊಳಗಿರಲಿ, ಇಲ್ಲದಿರಲಿ.